ಕೈತಾರನ ಮನೆಯೂ ಬಾಕೋವಾ ಅಜ್ಜನ ಬುಬುಸಿಯೂ

"ಬಾಕೋವಾ ಅಜ್ಜ ಬಂದಿದ್ರು ರೀ. ಮನೆ ವಿಷಯ ಮಾತಾಡಬೇಕಂತೆ, ಮತ್ತೆ ಬರ್ತಾರಂತೆ" ಎಂದು ಹೆಂಡತಿ ತಬೇರಾ ಹೇಳಿದ್ದೇ ತಡ, ಕೈತಾರನ ಬಾಯಲ್ಲಿದ್ದ ದೀವಿಹಲಸಿನ ಹೋಳು ಗಂಟಲಲ್ಲೇ ನಿಂತಿತು.

ಚರ್ಚಿನ ಸಭೆಯ ಹಿರಿಯರಾದ ಅವರು ಮನೆ ವಿಷಯ ಅಂದರೆ ಇನ್ನೇನು, ಬುಬುಸಿಯೇ. ನಮ್ಮ ಕಿರಿಬಾಸ್ ದ್ವೀಪಗಳಲ್ಲಿ ನೆಂಟನಾದವನು ಬಾಯಿಬಿಟ್ಟು 'ಬುಬುಸಿ' ಎಂದು ಕೇಳಿದರೆ ಇಲ್ಲ ಅನ್ನುವಂತಿಲ್ಲ. ದೋಣಿ ಕೇಳಿದರೆ ದೋಣಿ, ಮೈಮೇಲಿನ ಅಂಗಿ ಕೇಳಿದರೆ ಅಂಗಿ. ಇಲ್ಲ ಅಂದವನು ಆಮೇಲೆ ಊರಲ್ಲಿ ತಲೆಯೆತ್ತಿ ಓಡಾಡುವುದು ಕಷ್ಟ. ನಮ್ಮದೋ ಒಂದು ಮರಳಿನ ಪಟ್ಟಿಯಂಥ ಊರು, ಎಲ್ಲರೂ ಎಲ್ಲರಿಗೂ ನೆಂಟರೇ.

ಕೈತಾರ ಉಪಕಾರ ಮರೆಯುವವನಲ್ಲ. ಹಿಂದೆ ತಬೇರಾ ಬಾಣಂತಿ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಆಗಿನ್ನೂ ಬೆರಳೆಣಿಕೆಯಷ್ಟಿದ್ದ ಸಭೆಯವರು ಸರದಿಯ ಮೇಲೆ ಬಂದು ಅನ್ನ ಬೇಯಿಸಿದ್ದರು, ಕೂಸನ್ನು ನೋಡಿಕೊಂಡಿದ್ದರು, ಅವಳ ತಲೆಯ ಬಳಿ ಕೂತು ಹಾಡಿ ಪ್ರಾರ್ಥಿಸಿದ್ದರು. ಅವಳು ಎದ್ದು ಕೂತ ದಿನ ಇವನು ಕಣ್ಣು ತುಂಬಿಕೊಂಡು, "ನನ್ನ ಮನೆ ನಿಮ್ಮದೇ ಅಂದ್ಕೊಳ್ಳಿ" ಎಂದುಬಿಟ್ಟ. ಅವರು ಹಾಗೆಯೇ ಅಂದುಕೊಂಡರು. ಗೋಡೆಯಿಲ್ಲದ ಆ ಗರಿಮನೆಯಲ್ಲಿ ಭಾನುವಾರದ ಆರಾಧನೆ ಶುರುವಾಯಿತು. ಅದಕ್ಕೆ ಬುಧವಾರದ ಪ್ರಾರ್ಥನೆ ಸೇರಿತು, ಶುಕ್ರವಾರದ ಹೆಂಗಸರ ಕೂಟ ಸೇರಿತು, ಉಳಿದ ದಿನಗಳಲ್ಲಿ ಹಾಡಿನ ಅಭ್ಯಾಸ. ಸಭೆ ಬೆಳೆದಂತೆಲ್ಲ ಕೈತಾರ ಅಂಚಿಗೆ ಸರಿಯುತ್ತ ಬಂದ. ಹೋದ ಮಳೆಗಾಲದಲ್ಲಂತೂ ತನ್ನ ಮನೆಯ ಸೂರಿನ ಹೊರಗೆ ನೆನೆಯುತ್ತ ಕೂತು ಆಮೆನ್ ಎಂದಿದ್ದ.

ಈಗ ಎಲ್ಲರೂ ಸೇರಿ ಸಿಮೆಂಟಿನ ಚರ್ಚು ಕಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಅದರ ಪ್ರತಿಷ್ಠೆ ಮುಗಿದಿದೆ, ಸಂಜೆ ಚಾವಡಿಯಲ್ಲಿ ಊಟ. ಇಷ್ಟು ವರ್ಷಗಳ ಮೇಲೆ ಮನೆ ಮತ್ತೆ ತನ್ನದಾಯಿತು ಎಂದು ಕೈತಾರ ಹಿಗ್ಗುತ್ತಿರುವಾಗಲೇ ಈ ಸುದ್ದಿ.

"ನಾನು ಇಲ್ಲ ಅಂತ ಹೇಳು" ಎಂದವನೇ ಅವನು ಹಿತ್ತಲಿಗೆ ಓಡಿ ಕೆಸುವಿನ ಗುಂಡಿಗೆ ಇಳಿದು ಕೂತ. ದೊಡ್ಡ ಎಲೆಗಳ ಮರೆಯಲ್ಲಿ ಮೊಣಕಾಲವರೆಗೆ ಕೆಸರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ಬಗ್ಗಿ ನೋಡಿ, ಇಡೀ ಊರಿಗೆ ಕೇಳುವ ಹಾಗೆ, "ಅಜ್ಜಾ, ನೀವು ಹುಡುಕ್ತಿರೋ ಗೆಡ್ಡೆ ಇಲ್ಲಿದೆ!" ಎಂದು ಕೂಗಿದಳು.

ಕೈತಾರ ಕೆಸರು ಮೆತ್ತಿದ ಕಾಲಲ್ಲೇ ಓಡಿ, ಕಂಡ ಮೊದಲ ತೆಂಗಿನ ಮರ ಹತ್ತಿದ. ಹತ್ತಿದ್ದೇನೋ ಸರಿ. ಆದರೆ ನಮ್ಮಲ್ಲಿ ಶೇಂದಿ ಇಳಿಸಲು ಮರ ಹತ್ತಿದವನು ಹಾಡಲೇಬೇಕು. ಮೇಲೊಬ್ಬ ಗಂಡಸಿದ್ದಾನೆ ಎಂದು ಕೆಳಗೆ ಓಡಾಡುವವರಿಗೆ ತಿಳಿಯಬೇಕಲ್ಲ. ಚಿಕ್ಕಂದಿನಿಂದ ಬಂದ ರೂಢಿ. ಗರಿಗಳ ನಡುವೆ ಕೂತದ್ದೇ ಅವನ ಬಾಯಿ ಅವನನ್ನು ಕೇಳದೆ ತೆರೆದುಕೊಂಡಿತು, ರಾಗ ಹೊರಟಿತು.

"ಕೈತಾರಾ! ನಿನ್ನ ಒಡಕು ದನಿ ನಂಗೊತ್ತಿಲ್ವೇನೋ?" ಬಾಕೋವಾ ಅಜ್ಜ ಮರದ ಬುಡದಲ್ಲಿ ಕೂತೇಬಿಟ್ಟರು. "ಇಳಿ ಮಗಾ. ಒಂದು ಮಾತು ಕೇಳೋದಿದೆ."

"ಶೇಂದಿ ಇನ್ನೂ ತೊಟ್ಟಿಕ್ತಾ ಇದೆ ಅಜ್ಜಾ!"

"ತೊಟ್ಟಿಕ್ಕಲಿ. ನಂಗೇನು ಅವಸರ ಇಲ್ಲ" ಎಂದು ಅಜ್ಜ ಬೀಡಿ ಸುತ್ತಿಕೊಳ್ಳತೊಡಗಿದರು.

ಆಗ ಪಕ್ಕದ ಮರದಿಂದಲೂ ಹಾಡು ಕೇಳಿಸಿತು. ತಬೇರಾಳ ತಮ್ಮ ಬಿರಿಮಾಕಾ! ಕೈತಾರನ ತಲೆ ಮಿಂಚಿನಂತೆ ಓಡಿತು. ಮನೆ ತನ್ನದಾಗಿದ್ದರೆ ತಾನೇ ಅಜ್ಜ ಕೇಳುವುದು?

"ಬಿರೀ! ಈಗಲೇ ನನ್ನ ಮನೇನ ಬುಬುಸಿ ಕೇಳೋ!" ಎಂದು ಪಿಸುಗುಟ್ಟಿದ. ಎರಡು ಮರಗಳ ನಡುವೆ, ಕಡಲಗಾಳಿಯಲ್ಲಿ, ಪಿಸುಮಾತು ಎಲ್ಲಿ ಕೇಳಬೇಕು?

"ಏನು ಭಾವಾ? ಯಾರ ಮನೆ?"

"ನನ್ನ ಮನೆ ಕೇಳೋ ಮಂಕೇ!"

"ನಂಗ್ಯಾಕೆ ನಿಮ್ಮ ಮನೆ? ಸೂರು ಸೋರುತ್ತೆ."

"ಕೇಳೋ ಅಂದ್ರೆ ಕೇಳು!"

"ಆಯ್ತಪ್ಪಾ. ಭಾವಾ, ನಿಮ್ಮ ಮನೆ ನನಗೆ ಬೇಕು. ಬುಬುಸಿ!"

"ಕೊಟ್ಟೆ! ಮನಸಾರೆ ಕೊಟ್ಟೆ! ಅಜ್ಜಾ, ಕೇಳಿಸ್ಕೊಂಡ್ರಾ?"

ಅಜ್ಜ ಬೀಡಿಯನ್ನು ಬಾಯಿಂದ ತೆಗೆದು, ಒಂದು ಮರ ನೋಡಿದರು, ಇನ್ನೊಂದು ಮರ ನೋಡಿದರು. "ಕೇಳಿಸ್ತು. ಸರಿ ಹಾಗಾದ್ರೆ" ಎಂದಷ್ಟೇ ಹೇಳಿ ಎದ್ದು ಹೋದರು. ಕೈತಾರ ವಿಜಯದ ಹಾಡು ಹಾಡುತ್ತ ಇಳಿದ. ರಾತ್ರಿ ಬಾಮೈದನಿಂದ ಮನೆಯನ್ನು ಮರಳಿ ಕೇಳಿ ಪಡೆದರಾಯಿತು ಎಂಬುದು ಅವನ ಲೆಕ್ಕ.

ಸಂಜೆ ಚಾವಡಿ ತುಂಬಿ ತುಳುಕುತ್ತಿತ್ತು. ಹಂದಿ ಸುಟ್ಟ ಘಮಕ್ಕೆ ಕೈತಾರನ ಮನಸ್ಸು ಹಗುರಾಗಿತ್ತು. ಊಟದ ನಡುವೆ ಬಾಕೋವಾ ಅಜ್ಜ ಎದ್ದು ನಿಂತರು.

"ಈ ಚರ್ಚು ಮೊಳೆತದ್ದು ಒಂದು ಗರಿಮನೇಲಿ. ಆ ಋಣ ನಾವು ಮರೆಯೋ ಹಾಗಿಲ್ಲ. ಅದಕ್ಕೆ ಸಭೆ ಸೇರಿ ತೀರ್ಮಾನ ಮಾಡಿದ್ದೀವಿ, ಆ ಮನೆ ಯಜಮಾನನಿಗೆ ತಗಡಿನ ಹೊಸ ಸೂರು, ಮಳೆನೀರಿನ ತೊಟ್ಟಿ ಕಟ್ಟಿಕೊಡೋದು ಅಂತ. ಸೂರಿನ ಅಳತೆ ಕೇಳೋಕೆ ಮಧ್ಯಾಹ್ನವೆಲ್ಲ ಗುಂಡಿ, ಮರ ಎಲ್ಲ ಸುತ್ತಿದೆ." ಅಜ್ಜ ಗಂಟಲು ಸರಿಮಾಡಿಕೊಂಡರು. "ಈಗ ಯಜಮಾನ ಯಾರು ಅಂತ ನನ್ನ ಕಿವಿಯಾರೆ ಕೇಳಿದ್ದೀನಿ. ಬಿರಿಮಾಕಾ, ಎದ್ದು ನಿಲ್ಲು!"

ಚಪ್ಪಾಳೆಯ ಸದ್ದಿನಲ್ಲಿ ಕೈತಾರ ನರಳಿದ್ದು ಯಾರಿಗೂ ಕೇಳಲಿಲ್ಲ. ತಬೇರಾ ಮಾತ್ರ ಅವನನ್ನು ನೋಡಿದ ರೀತಿಗೆ ಕೆಸುವಿನ ಗುಂಡಿಯೇ ಎಷ್ಟೋ ವಾಸಿಯಾಗಿತ್ತು. ಜನ ಚದುರುತ್ತಿದ್ದಂತೆ ಅವನು ಬಾಮೈದನ ಕೈ ಹಿಡಿದ.

"ಬುಬುಸಿ ಕಣೋ ಬಿರೀ. ನನ್ನ ಮನೆ ನನಗೆ ಕೊಡು."

"ಅಯ್ಯೋ ಭಾವಾ, ಸ್ವಲ್ಪ ಮುಂಚೆ ಕೇಳಬಾರದಿತ್ತಾ?" ಬಿರಿಮಾಕಾನ ಕಣ್ಣು ಸಂತೋಷಕ್ಕೆ ಇನ್ನೂ ಒದ್ದೆಯಾಗಿತ್ತು. "ಈಗತಾನೇ ನಮ್ಮ ಪಾದ್ರಿ ಅಯ್ಯನೋರು ಕೇಳಿದ್ರು. ಹೊಸ ಚರ್ಚು ಮೊದಲನೇ ದಿನಾನೇ ಸಾಲಲಿಲ್ಲವಂತೆ, ಮಕ್ಕಳೆಲ್ಲ ಕಿಟಕಿ ಮೇಲೆ ಕೂತಿದ್ರಲ್ಲ. ಮಕ್ಕಳ ಪಾಠಕ್ಕೆ ಆ ಮನೆ ಬೇಕಂತೆ. ಇಲ್ಲ ಅನ್ನೋಕಾಗುತ್ತಾ?"

ಅಷ್ಟರಲ್ಲಿ ಅಯ್ಯನವರೇ ನಗುತ್ತ ಬಂದರು. "ಕೈತಾರಾ, ಬುಬುಸಿ."

"ನನ್ನ ಹತ್ರ ಇನ್ನೇನಿದೆ ಅಯ್ಯನೋರೆ? ಮನೆ ನಿಮ್ಮದೇ ಆಯ್ತಲ್ಲ."

"ಮನೆ ಆಯ್ತಪ್ಪಾ. ಮಕ್ಕಳನ್ನ ನೋಡ್ಕೊಳ್ಳೋಕೆ ಅಲ್ಲೇ ಇರೋ ಒಬ್ಬ ಮೇಷ್ಟ್ರು ಬೇಕು. ಈಗ ನಿನ್ನನ್ನೇ ಕೇಳ್ತಿದ್ದೀನಿ."

ಕೈತಾರ ಸುತ್ತ ನೋಡಿದ. ಅವತ್ತು ಅನ್ನ ಬೇಯಿಸಿ ಹಾಕಿದ ಮುದುಕಿಯರು ಅಲ್ಲೇ ಪಾತ್ರೆ ಒರೆಸುತ್ತಿದ್ದರು, ಅವರ ನಡುವೆ ತಬೇರಾ ಗಟ್ಟಿಮುಟ್ಟಾಗಿ ನಿಂತು ಯಾರನ್ನೋ ಬೈಯುತ್ತಿದ್ದಳು. ಆ ಬೈಗುಳ ಕೇಳುವ ಭಾಗ್ಯ ತನಗಿದೆಯೆಂದರೆ ಅದು ಇವರಿಂದಲೇ ಎಂದು ಅವನಿಗೆ ನೆನಪಾಯಿತು. ಇಷ್ಟು ಕೊಟ್ಟವರಿಂದ ಬಚ್ಚಿಟ್ಟುಕೊಂಡು ಓಡಾಡಿದೆನಲ್ಲ ಎಂದು ನಾಚಿಕೆಯೂ ಆಯಿತು.

"ಆಗಲಿ ಅಯ್ಯನೋರೆ. ಸಂತೋಷವಾಗಿ ಆಗಲಿ" ಎಂದ. "ನಾಳೆ ಒಂದು ದಿನ ಮಾತ್ರ ನಿದ್ದೆ ಮಾಡ್ತೀನಿ. ನಾಡಿದ್ದಿಂದ ಶುರು ಮಾಡೋಣ."

ಅಯ್ಯನವರು ಧಾರಾಳವಾಗಿ ಒಪ್ಪಿದರು. ಕೈತಾರ ಮನೆಗೆ ಹೋದ. ಸೂರಿನಡಿ ಚಾಪೆ ಕಾಣದಷ್ಟು ಮಕ್ಕಳು ಒತ್ತಾಗಿ ಕೂತಿದ್ದರು, ಎಲ್ಲರಿಗಿಂತ ಚಿಕ್ಕವಳು ಎದ್ದು ನಿಂತು, "ಯಾಕೆ ಮೇಷ್ಟ್ರೇ ಇಷ್ಟು ತಡ?" ಎಂದು ಗದರಿದಳು.