ಬೆರಳಯ್ಯನ ಗರಗಸ

ಎಲ್ಲಾ ರಾದ್ಧಾಂತಕ್ಕೂ ಕಾರಣ, ಹೊಸ ಗರಗಸದ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಇಪ್ಪತ್ತು ಪುಟದ ಪುಸ್ತಕವನ್ನು ಬೆರಳಯ್ಯ ಓದಿದ್ದು. ಆ ಮರಗೆಲಸದ ಶೆಡ್ಡಿನಲ್ಲಿ ಯಂತ್ರದ ಜೊತೆ ಬಂದ ಪುಸ್ತಕವನ್ನು ಓದುವ ಪದ್ಧತಿ ಇರಲಿಲ್ಲ. ಅದನ್ನು ಕುಂಟುವ ಬೆಂಚಿನ ಕಾಲಡಿಗೆ ತುರುಕುತ್ತಿದ್ದರು. ಹಾಗಾಗಿ ಬೆಂಚುಗಳು ಮಾತ್ರ ಸುರಕ್ಷಿತವಾಗಿದ್ದವು.

ಬೆರಳಯ್ಯ ಅನ್ನುವುದು ಅವನ ಹೆಸರಲ್ಲ. ಇಪ್ಪತ್ತೆರಡು ವರ್ಷ ಮರ ಕೊಯ್ದೂ ಹತ್ತು ಬೆರಳನ್ನೂ ಉಳಿಸಿಕೊಂಡ ತಪ್ಪಿಗೆ ಶೆಡ್ಡು ಕೊಟ್ಟ ಶಿಕ್ಷೆ. ಮೇಸ್ತ್ರಿಗೆ ಏಳೂವರೆ ಬೆರಳು. ಅಂಟು ಕಾಯಿಸಿ ಕೀಲು ಕೂಡಿಸುವ ಅಂಟಿನಕ್ಕನಿಗೆ ಒಂಬತ್ತು. ಸಂಜೆ ಅಂಟಿನ ಒಲೆಯ ಮೇಲೆಯೇ ಟೀ ಕುದಿಯುತ್ತಿತ್ತು. ಯಾರ ಬೆರಳು ಕಡಿಮೆಯೋ ಅವರಿಗೆ ಮೊದಲ ಲೋಟ. ಕೊನೆಯ ಲೋಟ, ತಣ್ಣಗಾಗಿ, ಚರಟದ ಸಮೇತ, ಬೆರಳಯ್ಯನಿಗೆ. ಯಂತ್ರಕ್ಕೆ ಎರಡು ವರ್ಷದ ವಾರಂಟಿ ಇರುತ್ತಿತ್ತು, ಬೆರಳಿಗೆ ಇರಲಿಲ್ಲ. ಕಳೆದುಕೊಂಡವರಿಗೆ ಯಾರೂ ಏನೂ ಕೊಡದಿದ್ದಾಗ, ಅವರೇ ಅದನ್ನು ಪದವಿ ಎಂದುಕೊಂಡರು.

ಅವನು ಬೆರಳು ಉಳಿಸಿಕೊಂಡದ್ದು ಜಾಣತನದಿಂದಲ್ಲ, ತನ್ನ ಮೇಲೆ ತನಗೇ ನಂಬಿಕೆ ಇಲ್ಲದ್ದರಿಂದ. ಅವನ ಮನಸ್ಸು ಮರದ ಹೊಟ್ಟಿನ ಹಾಗೆ. ಕಿಟಕಿಯ ಬಿಸಿಲುಕೋಲು ಕಂಡರೆ ಸಾಕು, ಎದ್ದು ತೇಲತೊಡಗುತ್ತಿತ್ತು. ಗೋಡೆಗೆ ಒರಗಿಸಿದ್ದ ಹನ್ನೆರಡು ಬಾಗಿಲುಗಳ ಹಿಂದೆ ಅವನಿಗೆ ಹನ್ನೆರಡು ಕೋಣೆಗಳು ಕಾಣುತ್ತಿದ್ದವು. ಒಂದರಲ್ಲಿ ಸಮುದ್ರ. ಮೂರನೆಯದರಲ್ಲಿ ತೀರಿಹೋದ ಅವ್ವ ಬಿಸಿಲಿಗೆ ಕೂದಲು ಹರಡಿಕೊಂಡು ಕೂತಿದ್ದಾಳೆ. ಏಳನೆಯದರಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಇಂಥ ಮನುಷ್ಯನಿಗೆ ತಿರುಗುವ ಬ್ಲೇಡಿನ ಮೇಲೆ ಮುಚ್ಚಳ ಬೇಕೇ ಬೇಕು.

ತಪಾಸಣೆಯ ಹಿಂದಿನ ಸಂಜೆ ಯಜಮಾನರು ಬಂದವರೇ, "ನಾಳೆ ಮೂರು ಗಂಟೆಗೆ ತಪಾಸಣೆಯವರು ಬರ್ತಾರೆ," ಅಂದರು. "ಮಷೀನು ಪಾಸಾದ್ರೆ ನಾಡಿದ್ದಿನಿಂದ ನೀನೇ ಅದರ ಮುಂದೆ ನಿಲ್ಲು. ಫೇಲಾದ್ರೆ ಅದು ನನ್ನ ಭಾವಮೈದುನನ ಶೆಡ್ಡಿಗೆ ಹೋಗತ್ತೆ. ಈ ಹನ್ನೆರಡು ಬಾಗಿಲಿನ ಚೌಕಟ್ಟು ನೀನು ಕೈಯಲ್ಲೇ ಕೊಯ್ಯಬೇಕಾಗತ್ತೆ."

ಕೈಗರಗಸ ಅಂದರೆ ಬಲಭುಜ. ಆ ಭುಜ ಎರಡು ವರ್ಷದಿಂದ ಕಿವಿಯ ಮಟ್ಟ ದಾಟಿರಲಿಲ್ಲ. ಬೆಳಿಗ್ಗೆ ಅವನ ತಲೆ ಬಾಚುತ್ತಿದ್ದವಳು ಹೆಂಡತಿ. ತಪಾಸಣೆಯ ದಿನವೂ ಬಾಚಿ, ಬೈತಲೆಯನ್ನು ಒಮ್ಮೆ ದೂರದಿಂದ ನೋಡಿ, "ಪಾಸು ಮಾಡಿಸ್ಕೊಂಡು ಬನ್ನಿ. ನಿಮ್ಮ ತಲೆ ನೀವೇ ಬಾಚ್ಕೊಳ್ಳೋದನ್ನ ನಾನೂ ಒಂದಿನ ಕೂತ್ಕೊಂಡು ನೋಡ್ಬೇಕು," ಅಂದಿದ್ದಳು.

ಪುಸ್ತಕದ ಮೊದಲ ಮಾತು: ಬ್ಲೇಡು ಮುಟ್ಟುವ ಮೊದಲು ಪ್ಲಗ್ಗು ತೆಗೆ. ಬೆರಳಯ್ಯ ತೆಗೆದ. ಯಾರಾದರೂ ಉಪಕಾರ ಮಾಡಲೆಂದು ಅದನ್ನು ಮತ್ತೆ ಸಿಕ್ಕಿಸಿಬಿಟ್ಟರೆ? ಪ್ಲಗ್ಗನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡ. ಗರಗಸದ ಮೇಜಿನ ನಾಲ್ಕು ಕಾಲು ನೆಲಕ್ಕೆ ಕೂರಿಸಿ, ಸಮತಟ್ಟು ನೋಡುವ ರಸಮಟ್ಟ ಇಟ್ಟು ಅದರ ಗುಳ್ಳೆಯನ್ನೇ ನೋಡಿದ. ಗುಳ್ಳೆ ನಡುವಿಗೆ ಬಂದು ನಿಂತಿತು. ಗುಳ್ಳೆಯೊಳಗೆ ಕಿಟಕಿ ಇತ್ತು, ಕಿಟಕಿಯಲ್ಲಿ ಮೋಡ ಇತ್ತು. ಮೋಡದ ಹಿಂದೆ ನಾಲ್ಕು ಹೆಜ್ಜೆ ನಡೆದವನನ್ನು ಸೊಂಟದ ವೈರು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಹಿಂದಕ್ಕೆಳೆಯಿತು.

"ಕರು ಮೇಯೋಕೆ ಹೊರಡ್ತು," ಅಂದಳು ಅಂಟಿನಕ್ಕ.

ಅವನು ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದ. ಆ ಹಲ್ಲನ್ನು ಮುಂದೆ ತಂದು, ಮೇಜಿನ ಮೇಲೆ ಕೊರೆದ ಗೆರೆಯಿಂದ ಎಷ್ಟು ದೂರ ಎಂದು ಅಳೆದ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದ. ಕೂದಲೆಳೆಯ ವ್ಯತ್ಯಾಸ. ಬೋಲ್ಟು ಸಡಿಲಿಸಿ, ತಟ್ಟಿ, ಮತ್ತೆ ಅಳೆದ.

ಮೇಸ್ತ್ರಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಂದು ನಿಂತ. "ಹಲ್ಲು ನೋಡ್ತಿದೀಯೋ, ಕೀಳ್ತೀಯೋ?"

"ಮುಂದೆ ಹಿಂದೆ ಒಂದೇ ಅಳತೆ ಬರ್ಬೇಕು ಮೇಸ್ತ್ರಿ. ಬ್ಲೇಡು ಸೊಟ್ಟಗಿದ್ರೆ ಹಲಗೇನ ಕಚ್ಚತ್ತೆ."

"ನಾನು ಮೂವತ್ತು ವರ್ಷ ಅಳೆಯದೇನೇ ಕೊಯ್ದಿದೀನಿ."

ಬೆರಳಯ್ಯ ಮೇಸ್ತ್ರಿಯ ಕೈ ನೋಡಿದ. ಮೇಸ್ತ್ರಿ ಆ ಕೈಯನ್ನು ಜೇಬಿಗಿಳಿಸಿದ.

ಮುಚ್ಚಳ ಹಾಕಬೇಕೆಂದು ತಿರುಗಿದರೆ ಮುಚ್ಚಳವೇ ಇಲ್ಲ. ಬ್ಲೇಡಿನ ಮೇಲೆ ಕೂರಬೇಕಾದ ಆ ಪಾರದರ್ಶಕ ಪ್ಲಾಸ್ಟಿಕ್ಕು ಅಂಟಿನಕ್ಕನ ಸಕ್ಕರೆ ಡಬ್ಬಿಯ ಮೇಲೆ ಬೋರಲಾಗಿ ಕೂತಿತ್ತು.

"ಅಕ್ಕ, ಅದು ಬ್ಲೇಡಿನದು."

"ಬ್ಲೇಡಿಗೇನು ಇರುವೆ ಮುತ್ತತ್ತೇನೋ?"

ಸೊಂಟದ ವೈರು ಎಟುಕುವಷ್ಟು ದೂರದಿಂದಲೇ ಬೇಡಿ, ಕಾಡಿ, ಸಕ್ಕರೆಗೆ ಬೇರೆ ತಟ್ಟೆ ಕೊಟ್ಟು ಬಿಡಿಸಿಕೊಂಡ. ಅಷ್ಟರಲ್ಲಿ ಅವನು ಕೊಯ್ದಿಟ್ಟಿದ್ದ ತಳ್ಳುಕೋಲು, ಅಂದರೆ ಬ್ಲೇಡಿನ ಹತ್ತಿರ ಕೈ ಬದಲು ಹಲಗೆ ನೂಕುವ ಕೋಲು, ಅಂಟಿನ ಪಾತ್ರೆಯಲ್ಲಿ ಸೌಟಾಗಿತ್ತು. ಇನ್ನೊಂದು ಮಾಡಿದ. ಉಳಿದದ್ದು ಬ್ಲೇಡಿನ ಬೆನ್ನಿಗೆ ನಿಲ್ಲುವ ತೆಳು ಉಕ್ಕಿನ ರೆಕ್ಕೆ. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿದರೆ, ಬ್ಲೇಡು ಹಲಗೆಯನ್ನು ಕೊಯ್ಯುವವನ ಮೇಲೇ ಎಸೆಯುತ್ತದೆ. ಸೀಳನ್ನು ಅಗಲಿಸಿ ಹಿಡಿಯುವುದು ಆ ರೆಕ್ಕೆ. ಅದರಲ್ಲಿ ಮೇಸ್ತ್ರಿ ತನ್ನ ಚಪ್ಪಲಿಯ ಕೆಸರು ಕೆರೆಯುತ್ತಿದ್ದ. ಕೇಳಿದ್ದಕ್ಕೆ, ಊಟ ಆದ ಮೇಲೆ ಕೊಡುತ್ತೇನೆ ಅಂದ.

ಊಟಕ್ಕೆ ಕೈ ತೊಳೆಯಲು ಬೆರಳಯ್ಯ ಸೊಂಟದ ಗಂಟು ಬಿಚ್ಚಿದ. ಅದೊಂದೇ ತಪ್ಪು. ನಲ್ಲಿಯ ನೀರು ಬೆರಳುಗಳ ನಡುವೆ ಇಳಿಯುವುದನ್ನು ನೋಡುತ್ತಾ ಹತ್ತನ್ನೂ ಒಂದೊಂದಾಗಿ ತೊಳೆಯುವಷ್ಟರಲ್ಲಿ, ಮೇಸ್ತ್ರಿ ಪ್ಲಗ್ಗು ಸಿಕ್ಕಿಸಿ, ಮುಚ್ಚಳ ಪಕ್ಕಕ್ಕಿಟ್ಟು, "ಈ ಪುಸ್ತಕದ ಹುಳ ಬರೋದ್ರೊಳಗೆ ನೋಡೇಬಿಡಾಣ," ಎಂದು ಒಂದು ಹಲಗೆ ನೂಕಿದ್ದ.

ಅರ್ಧ ದಾರಿಯಲ್ಲಿ ಹಲಗೆ ಬ್ಲೇಡನ್ನು ಕಚ್ಚಿತು. ಆಮೇಲೆ ಅದು ಹಲಗೆಯಾಗಿ ಉಳಿಯಲಿಲ್ಲ, ಹಕ್ಕಿಯಾಯಿತು. ಮೇಸ್ತ್ರಿಯ ಪಕ್ಕೆಯ ಬದಿಯಿಂದ ಹಾರಿ, ಬಿಸಿಲುಕೋಲನ್ನು ಸೀಳಿ, ಏಳನೇ ಬಾಗಿಲನ್ನು ತೂತು ಮಾಡಿ ಆ ಕಡೆ ಬಿತ್ತು. ಯಾರೂ ಕೂಗದ ಕೋಣೆಯೊಳಗೆ, ಅಂದುಕೊಂಡ ಬೆರಳಯ್ಯ, ಕೈಯಿಂದ ನೀರು ತೊಟ್ಟಿಕ್ಕಿಸುತ್ತಾ.

ಶೆಡ್ಡಿನಲ್ಲಿ ಹೊಟ್ಟು ಮಾತ್ರ ನಿಧಾನಕ್ಕೆ ಇಳಿಯುತ್ತಿತ್ತು. ಮೇಸ್ತ್ರಿ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಜೇಬಿನಿಂದ ಉಕ್ಕಿನ ರೆಕ್ಕೆ ತೆಗೆದು, ಅಂಗಿಯಲ್ಲಿ ಒರೆಸಿ, ಚಾಚಿದ. "ತಗೋ. ಎಲ್ಲಿ ಸಿಕ್ಕಿಸ್ತೀಯೋ ಸಿಕ್ಕಿಸು."

ಮೂರು ಗಂಟೆಗೆ ತಪಾಸಣೆಯ ಮೇಡಂ ಬಂದಾಗ ಎಲ್ಲವೂ ಸಿದ್ಧವಾಗಿತ್ತು. ಆಕೆ ಬಗ್ಗಿ ನೋಡಿದರು, ಅಳೆದರು, ಗುರುತಿನ ಹಲ್ಲನ್ನು ತಿರುಗಿಸಿದರು. "ಒಂದು ಹಲಗೆ ಕೊಯ್ದು ತೋರ್ಸಿ."

ಬೆರಳಯ್ಯ ಅಂಗಿಯ ತೋಳು ಮಡಚಿ, ಕನ್ನಡಕ ಹಾಕಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತ. ಬ್ಲೇಡು ಹಲಗೆಗಿಂತ ಒಂದು ಹಲ್ಲಿನಷ್ಟೇ ಮೇಲಿತ್ತು. ಕೊನೆಯ ಗೇಣಿಗೆ ತಳ್ಳುಕೋಲು ಹಿಡಿದ. ಗರಗಸ ಯಾರೋ ನಿದ್ದೆಯಲ್ಲಿ ಗುನುಗಿದ ಹಾಗೆ ಗುನುಗಿತು. ಹಲಗೆ ಬೆಣ್ಣೆಯಂತೆ ಎರಡಾಯಿತು. ಭುಜಕ್ಕೆ ಗೊತ್ತೇ ಆಗಲಿಲ್ಲ. ಅವನಿಗೆ ನಾಳೆಯ ಕನ್ನಡಿ ಕಂಡಿತು, ತನ್ನ ಕೈಯಲ್ಲಿ ಬಾಚಣಿಗೆ, ಹಿಂದೆ ಕೂತು ನೋಡುತ್ತಿರುವ ಹೆಂಡತಿ.

"ಕೈ ತೋರ್ಸಿ," ಅಂದರು ಮೇಡಂ. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಅವರ ಕಣ್ಣು ತುಂಬಿ ಬಂದ ಹಾಗಿತ್ತು. "ಹದಿನೆಂಟು ವರ್ಷದ ಸರ್ವೀಸಲ್ಲಿ ಇಂಥ ಗರಗಸ ನೋಡಿಲ್ಲ ನಾನು. ಪಾಸು."

ಬೆರಳಯ್ಯನ ಬಲಭುಜ ಕಿವಿಯ ಮಟ್ಟಕ್ಕೆ ಎದ್ದು, ಅಲ್ಲೇ ನಿಂತು, ಸಂತೋಷದಿಂದ ನರಳಿತು.

ಆಗ ಮೇಡಂ ಚೀಲದಿಂದ ಕೆಂಪು ಪಟ್ಟಿ ತೆಗೆದು ಯಂತ್ರದ ಸುತ್ತ ಸುತ್ತತೊಡಗಿದರು. ಸ್ವಿಚ್ಚಿಗೆ ಅರಗಿನ ಮುದ್ರೆ ಒತ್ತಿದರು. ಮೇಲೊಂದು ಫಲಕ ತೂಗುಹಾಕಿದರು: ಮಾದರಿ ಯಂತ್ರ. ಮುಟ್ಟಬಾರದು.

"ಒಂದು ವರ್ಷ ಎಲ್ಲಾ ಶೆಡ್ಡಿನವರೂ ಬಂದು ಇದನ್ನ ನೋಡಿ ಕಲೀಲಿ," ಅಂದರು.

"ಮೇಡಂ, ಹಲಗೆ ಕೊಯ್ಯೋದು?"

"ಕೊಯ್ದ್ರೆ ಹೊಟ್ಟು ಬೀಳತ್ತೆ. ಬೋಲ್ಟು ಸಡಿಲ ಆಗತ್ತೆ. ಆಮೇಲೆ ಮಾದರಿ ಎಲ್ಲಿ ಉಳೀತು? ನೋಡಿ, ಇಷ್ಟು ಸುರಕ್ಷಿತವಾಗಿರೋ ಯಂತ್ರವನ್ನ ಉಪಯೋಗಿಸಿ ಹಾಳು ಮಾಡಬಾರ್ದು."

ಯಜಮಾನರು ಯಂತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಮೇಡಂ ಹೋದ ಮೇಲೆ ಬೆರಳಯ್ಯನ ಬೆನ್ನು ತಟ್ಟಿ ಕೈಗರಗಸ ಕೊಟ್ಟರು. "ಹನ್ನೆರಡು ಚೌಕಟ್ಟು. ಏಳನೇ ಬಾಗಿಲಿಗೆ ಹೊಸ ಹಲಗೆ ಬೇರೆ. ಬೇಗ ಶುರು ಮಾಡು. ಯಾರಾದ್ರೂ ನೋಡೋಕೆ ಬಂದ್ರೆ ನಿಲ್ಲಿಸಿ ಕೈ ತೋರ್ಸು, ಹತ್ತೂ ಕಾಣೋ ಹಾಗೆ."

ಅವನು ಕೊಯ್ಯತೊಡಗಿದ. ಭುಜ ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು. ಎದುರಿಗೆ ಹೊಸ ಗರಗಸ, ಇಳಿಬಿಸಿಲಿನಲ್ಲಿ, ತನ್ನ ಪಾರದರ್ಶಕ ಮುಚ್ಚಳದ ಕೆಳಗೆ ಹೊಳೆಯುತ್ತಿತ್ತು. ಸೀಮೆಸುಣ್ಣದ ಗುರುತಿನ ಹಲ್ಲು ಮೇಲೇ ಇತ್ತು, ನಕ್ಷತ್ರದ ಹಾಗೆ. ಆ ಮುಚ್ಚಳದೊಳಗೂ ಒಂದು ಪುಟ್ಟ ಕೋಣೆ ಇದೆ, ಅಲ್ಲಿ ಹೊಟ್ಟು ಕೂಡ ಬೀಳುವುದಿಲ್ಲ, ಅಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂದು ಬೆರಳಯ್ಯ ನೋಡುತ್ತಲೇ ಇದ್ದ.

ಕೈಗರಗಸಕ್ಕೆ ಮುಚ್ಚಳ ಇರುವುದಿಲ್ಲ.

"ಅಮ್ಮಾ," ಅಂದ, ಮೆಲ್ಲಗೆ.

ಮೇಸ್ತ್ರಿ ಓಡಿಬಂದು ಎಡಗೈ ಹಿಡಿದ. "ಹೆಬ್ಬೆರಳು ಇದೆಯಾ?"

"ಇದೆ. ತುದಿ ಸ್ವಲ್ಪ."

"ಎಷ್ಟು?"

"ಅಕ್ಕಿಕಾಳಷ್ಟು."

ಮೇಸ್ತ್ರಿ ಬಟ್ಟೆ ಸುತ್ತಿದ, ಬಿಗಿಯಾಗಿ, ಏಳೂವರೆ ಬೆರಳಿನಲ್ಲಿ, ತಾಯಿ ಮಗುವಿಗೆ ಸುತ್ತುವ ಹಾಗೆ. ಆಮೇಲೆ ಒಲೆಯ ಕಡೆ ತಿರುಗಿದ. "ಅಕ್ಕ, ಇವತ್ತು ನನ್ನ ಲೋಟ ಇವನಿಗೆ ಕೊಡು. ಇನ್ಮೇಲೆ ಇವನನ್ನ ಬೆರಳಯ್ಯ ಅನ್ನೋ ಹಾಗಿಲ್ಲ."

ಕೆಂಪು ಪಟ್ಟಿಯ ಪಕ್ಕದಲ್ಲಿ ಸ್ಟೂಲು ಹಾಕಿ ಅವನನ್ನು ಕೂರಿಸಿದರು. ಅಂಟಿನಕ್ಕ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಮೊದಲ ಲೋಟ ತಂದುಕೊಟ್ಟಳು. ಮೊದಲ ಲೋಟದ ಟೀ ಇಷ್ಟು ಬಿಸಿ ಇರುತ್ತದೆಂದು ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ನಾಲಿಗೆಯೂ ಸುಟ್ಟಿತು.