ಕಮಲಾಪುರದ ಬಂಡಿ ಸಮುದ್ರಕ್ಕೆ ಹೋದದ್ದು

ನಮ್ಮ ಮನೆಗೆ ಯಾವ ಕೇಡು ಬಂದರೂ ಅದರ ಬೆನ್ನಿಗೇ ಒಂದು ನಗೆಪಾಟಲು ಬರುತ್ತಿತ್ತು. ಅಳೋಣವೆಂದು ಸೆರಗು ಕೈಗೆ ತೆಗೆದುಕೊಂಡರೆ, ಕಣ್ಣಿಗೆ ಒತ್ತುವಷ್ಟರಲ್ಲಿ ಅದನ್ನೇ ಬಾಯಿಗೆ ಅಡ್ಡ ಹಿಡಿಯಬೇಕಾಗುತ್ತಿತ್ತು.

ನಿಜಾಮರ ಆಳ್ವಿಕೆಯ ಕಾಲ. ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಮನೆ. ಹಿಂದಿನ ಅಂಗಳದಲ್ಲಿ ಮಾವನವರ ಬಾಡಿಗೆ ಬಂಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಕಾಲೇಜು ಮುಗಿಸಿ ಆ ಓಣಿಗೆ ಬಂದ ಸೊಸೆ ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಡೆದದ್ದನ್ನು ನಡೆದ ದಿನವೇ ಬರೆದಿಡುವ ರೂಢಿ ನನ್ನದು. ಮೊಮ್ಮಕ್ಕಳು ಇದನ್ನೇ ಬೇರೆ ತರಹ ಹೇಳಿದರೆ ನಂಬಬೇಡಿ.

ಮಾವನವರ ಹಿರಿಯರು ಕಮಲಾಪುರ, ಕಲಬುರಗಿ, ಸೊಲ್ಲಾಪುರ ದಾಟಿ ಕೊಂಕಣದ ಬಂದರಗಳವರೆಗೆ ಬಂಡಿ ಹೊಡೆದವರಂತೆ. ರೈಲು ಬಂದ ಮೇಲೆ ಆ ದಾರಿ ಮುರಿದು, ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿ ಸ್ಟೇಶನ್ನಿಗೆ ತಂದು ಹಾಕುವುದಷ್ಟೇ ಉಳಿದಿತ್ತು. ಅದಕ್ಕೂ ಒಂದು ದಿನ ಮೋಟಾರು ಲಾರಿ ಬಂತು.

ಲಾರಿಗೆ ಹಗ್ಗ

ಲಾರಿ ಮೊದಲ ಸಲ ಬಾಳೆಗೊನೆ ಹೇರಿಕೊಂಡು ಹೊರಟದ್ದು ಕಮಲಾಪುರದ ಏರಿನಲ್ಲಿ ಹೊಗೆ ಬಿಟ್ಟು ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದುದು ನಮ್ಮ ಬಂಡಿ. ಹೊಡೆಯುತ್ತಿದ್ದವನು ಮಾವನವರ ಓರಗೆಯ ಮುದುಕ. ಮನೆಯವರಿಗೆಲ್ಲ ಅವನು ಚಾಚಾ. ಎತ್ತು ಬಿಚ್ಚಿ, ಲಾರಿಗೆ ಹಗ್ಗ ಕಟ್ಟಿ, ಕಲಬುರಗಿಯವರೆಗೆ ಎಳೆಸಿಕೊಂಡು ಬಂದ. ಶಹಾಬಜಾರದ ಮಂದಿ ಕಟ್ಟೆಗಳ ಮೇಲೆ ನಿಂತು ಕೂಗಿದರು. ಮಾವನವರು ಎತ್ತುಗಳಿಗೆ ಆರತಿ ಮಾಡಿಸಿದರು. ಲಾರಿಯ ಕಥೆ ಮುಗಿಯಿತೆಂದೇ ಅವರ ಎಣಿಕೆ.

ಮರುದಿನ ಕಮಲಾಪುರದ ತೋಟದವರು ಇದ್ದಬದ್ದ ಗೊನೆಗಳನ್ನೆಲ್ಲ ಲಾರಿಗೇ ಹೇರಿದರು. ಮಾವನವರು ಹೋಗಿ ಕೇಳಿದರು, “ನಿನ್ನಿ ಕಣ್ಣಾರೆ ನೋಡೀರಿ. ಅದು ಮತ್ತ ಕೆಟ್ರ ಏನು ಮಾಡ್ತೀರಿ?”

ತೋಟದವರಲ್ಲಿ ಹಿರಿಯ ಕೈ ಮುಗಿದು ಹೇಳಿದ, “ಆ ಚಿಂತಿ ನಮಗಿಲ್ಲರೀ ಸಾವಕಾರ್ರ. ಕೆಟ್ರ ನಿಮ್ಮ ಎತ್ತು ಅದಾವಲ್ಲ!”

ಫಕೀರನ ಪ್ರಶ್ನೆ

ನಮ್ಮ ಬಂಡಿಗಳಿಗೆ ಒಂದು ಹಳೆಯ ಪದ್ಧತಿ. ದಾರಿಯಲ್ಲಿ ಮಠ ಬರಲಿ, ದರ್ಗಾ ಬರಲಿ, ನಿಂತು ಒಂದು ಚಿಪ್ಪು ಹಣ್ಣು ಕೊಟ್ಟೇ ಮುಂದೆ ಹೋಗಬೇಕು. ಕಪನೂರಿನ ಹತ್ತಿರ ಒಬ್ಬ ಫಕೀರ ಕೂಡುತ್ತಿದ್ದ. ಅವನಿಗೂ ಒಂದು ಚಿಪ್ಪು. ಅವನಿಂದ ಬಂಡಿಗೆ ಒಂದು ದುವಾ.

ಬಂಡಿಗಳಿಗೆ ಬಾಡಿಗೆ ಇಲ್ಲದಂತಾಗಿ ಅಂಗಳದಲ್ಲಿ ನೊಗಗಳು ನೆಲಕ್ಕೆ ಬಿದ್ದಿದ್ದವು. ಎತ್ತುಗಳು ದಿನವಿಡೀ ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಅದನ್ನು ನೋಡಲಾರದೆ ಮಾವನವರು ಮುಂದಿನ ಪಡಸಾಲೆಯಲ್ಲೇ ಕೂಡತೊಡಗಿದರು. ಒಂದು ದಿನ ಆ ಫಕೀರ ಅಲ್ಲಿಗೇ ನಡೆದು ಬಂದ.

“ಸಾವಕಾರ್ರ, ಲಾರಿ ನಿಲ್ಲಂಗಿಲ್ಲ. ನಿಮ್ಮ ಬಂಡಿ ಬರಂಗಿಲ್ಲ. ನಾ ಇನ್ನ ಯಾರ ಸಲುವಾಗಿ ದುವಾ ಮಾಡ್ಲಿ?”

“ಎಂದಿನಂಗ ನಮ್ಮ ಸಲುವಾಗೇ ಮಾಡಪ್ಪಾ,” ಎಂದರು ಮಾವನವರು.

ಫಕೀರ ತಲೆ ಕೆರೆದುಕೊಂಡ. “ಇಷ್ಟು ವರ್ಷ ನಿಮಗ ಮಾಡಿದ್ದಕ್ಕ ಹಿಂಗಾಗ್ಯದ. ಇನ್ನ ಲಾರಿ ಸಲುವಾಗಿ ಮಾಡ್ಲೇನು ಅಂತ ಕೇಳಾಕ ಬಂದೀನ್ರಿ.”

ನಕಾಶೆ

ನನ್ನ ಗಂಡ ಕೊನೆಗೆ ಬಾಯಿ ಬಿಟ್ಟರು. “ಅಪ್ಪಾ, ಕಾರ ಹುಣ್ಣಿಮಿಗಿಂತ ಮೊದಲ ಎತ್ತು ಮಾರೂಣು. ಲಾರಿಯವ ಪಾಲು ಕೊಡ್ತೀನಿ ಅಂತಾನ.” ಕಾರ ಹುಣ್ಣಿಮೆ ಎಂದರೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಮೆರೆಸುವ ಹಬ್ಬ. ಅದಕ್ಕೂ ಮೊದಲೇ ಮಾರುವ ಮಾತು ಕೇಳಿ ಮಾವನವರು ಎರಡು ಹೊತ್ತು ಊಟ ಬಿಟ್ಟರು.

ಅದೇ ವಾರ ಮುಂಬಯಿಯ ಒಬ್ಬ ದಲಾಲ ಊರಿಗೆ ಬಂದ. ಕೆಂಪು ಬಾಳೆ ತಿಂದು ಮೆಚ್ಚಿ, ಒಂದು ಬಂಡಿ ಬಲಿತ ಕಾಯಿಗೊನೆ ಹಡಗಿನಲ್ಲಿ ಬಸ್ರಾಕ್ಕೆ ಕಳಿಸಿ ನೋಡೋಣ, ಅಲ್ಲಿಯ ವ್ಯಾಪಾರಿ ಒಪ್ಪಿದರೆ ಪ್ರತಿ ಹಡಗಿಗೂ ಬೇಕು, ಸ್ಟೇಶನ್ನಿಗೆ ತರುವ ಕೆಲಸ ನಿಮ್ಮ ಬಂಡಿಗಳಿಗೇ ಎಂದ. ಮಾವನವರು ಮಗನ ಕಡೆ ತಿರುಗಿದರು. “ಈ ಒಂದು ಬಂಡಿ ಮುಟ್ಟಿದ್ರ ಎತ್ತು ಉಳೀತಾವ. ಮುಟ್ಟದಿದ್ರ ನೀ ಹೇಳಿದಂಗ ಆಗ್ಲಿ.”

ಬಸ್ರಾ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕಾಲೇಜಿನ ನಕಾಶೆ ತಂದು ಹಾಸಿಗೆಯ ಮೇಲೆ ಹರಡಿದೆ. ಮುಂಬಯಿ ತೋರಿಸಿದೆ, ಅರಬ್ಬೀ ಸಮುದ್ರದ ಮೇಲೆ ಬೆರಳು ಎಳೆದೆ, ಕೊಲ್ಲಿಯ ತುದಿಯ ಬಸ್ರಾಕ್ಕೆ ತಂದು ನಿಲ್ಲಿಸಿದೆ. ಮಾವನವರು ಬಹಳ ಹೊತ್ತು ಬಗ್ಗಿ ನೋಡಿ ಕೇಳಿದರು, “ಇದರಾಗ ಕಮಲಾಪುರ ಎಲ್ಲದ?”

“ಅಷ್ಟು ಸಣ್ಣ ಊರು ಇದರಾಗ ಇರಂಗಿಲ್ಲ, ಮಾವ.”

ಮಾವನವರು ನಕಾಶೆ ಮಡಚಿ ನನ್ನ ಕೈಗೆ ಕೊಟ್ಟರು. “ಕಮಲಾಪುರನ ಬಿಟ್ಟಾವ ಬಸ್ರಾ ಸರಿಯಾಗಿ ಬರ್ದಾನ ಅಂತ ಹೆಂಗ ನಂಬ್ಲೆವ್ವಾ?”

ರೈಲಿನ ಮೇಲೆ ಬಂಡಿ

ನಮ್ಮ ಬಂಡಿಗಳಿಗೆ ಇನ್ನೊಂದು ಕಟ್ಟಳೆಯೂ ಇತ್ತು. ನಮ್ಮ ಬಂಡಿಗೆ ಏರಿಸಿದ ಮಾಲು ನಮ್ಮ ಬಂಡಿಯಿಂದಲೇ, ಕೊಂಡವನ ಕಣ್ಣೆದುರಿಗೇ ಇಳಿಯಬೇಕು. ದೂರದ ದಾರಿಯಲ್ಲಿ ಮಾಲು ಬಂಡಿಯಿಂದ ಬಂಡಿಗೆ ಬದಲಾದರೆ ಒಳ್ಳೆಯದು ಹೋಗಿ ಕೆಟ್ಟದ್ದು ಬರುತ್ತದೆಂದು ಹಿರಿಯರು ಮಾಡಿದ್ದು. ಸ್ಟೇಶನ್ನಿನವರೆಗೆ ಹೊಡೆಯುವಾಗ ಇದರಿಂದ ತೊಂದರೆಯಿರಲಿಲ್ಲ. ಕೊಳ್ಳುವವರು ಅಲ್ಲಿಗೇ ಬರುತ್ತಿದ್ದರು. ಈಗಿನ ಕೊಳ್ಳುವವನು ಸಮುದ್ರದ ಆಚೆಗಿದ್ದ.

“ಗೊನಿ ಇಳಿಸಿ ರೈಲಿನ ಡಬ್ಬಿಗೆ ಹಾಕೂಣು,” ಎಂದರು ನನ್ನ ಗಂಡ.

“ಕಟ್ಟಳಿ ಮುರಿದು ಎತ್ತು ಉಳಿಸಿಕೊಂಡು ಏನು ಮಾಡ್ಲಿ?” ಎಂದರು ಮಾವನವರು.

ಕೊನೆಗೆ ಗೊನೆ ತುಂಬಿದ ಬಂಡಿಯನ್ನು ಹಾಗೆಯೇ ತೆರೆದ ಡಬ್ಬಿಯ ಮೇಲೆ ನೂಕಿ ಹಗ್ಗ ಬಿಗಿದರು. ಎತ್ತುಗಳನ್ನು ಹಿಂದಿನ ಡಬ್ಬಿಗೆ ಹತ್ತಿಸಿದರು. ಮಳೆ ಸುರಿಯದ ಮೋಡದಂತೆ ಮಾವನವರ ಮುಖ ಕಪ್ಪಗಿತ್ತು. ಚಾಚಾ ಮಾತ್ರ ಬಂಡಿಯ ಮುಂದಿನ ಮೂಕಿಯ ಮೇಲೆ ತನ್ನ ಜಾಗದಲ್ಲಿ ಕುಳಿತು ಬಾರುಕೋಲು ಹಿಡಿದ.

ಸ್ಟೇಶನ್ನಿನ ಗುಮಾಸ್ತ ನಕ್ಕ. “ಏ ಮುದುಕಾ, ಎತ್ತು ಹಿಂದ ಅದಾವ. ಕೋಲು ಹಿಡ್ಕೊಂಡು ಯಾರಿಗಿ ಹೊಡೀತಿ?”

“ಏನ್ ಹೇಳಾಕ ಬರ್ತದ ಸಾಹೇಬ್ರ,” ಎಂದ ಚಾಚಾ. “ಇಂಜಿನ್ನೂ ಸುಸ್ತಿ ಮಾಡಿದ್ರ?”

ಬಂದರದಲ್ಲಿ

ಚಾಚಾ ತಿರುಗಿ ಬಂದಾಗ ನಾವೆಲ್ಲ ಪಡಸಾಲೆಯಲ್ಲಿ ಸೇರಿದೆವು. ಬಂಡಿ ಖಾಲಿಯಾಗಿತ್ತು. ಮಾವನವರ ಕಣ್ಣು ಬೆಳಗಿದವು. “ಮುಟ್ಟಿತೇನೋ?”

“ಸಮುದ್ರತನಕ ಮುಟ್ಟಿತ್ರಿ.” ಚಾಚಾ ಕಂಬಕ್ಕೆ ಒರಗಿ ಕುಳಿತ. “ಹಡಗಿನವರು ಗೊನಿ ಇಳಸ್ರಿ ಅಂದ್ರು. ಕೊಂಡಾವ ಎಲ್ಲಿದಾನ ಅಂದೆ. ಬಸ್ರಾದಾಗ ಅಂದ್ರು. ಹಂಗಾರ ಬಂಡಿ ಸಹಿತ ಹಡಗಿಗೆ ಏರಸ್ರಿ, ಎತ್ತಿಗೂ ಜಾಗಾ ಮಾಡ್ರಿ ಅಂದೆ.”

ನನ್ನ ಗಂಡ ತಲೆಯ ಮೇಲೆ ಕೈ ಇಟ್ಟುಕೊಂಡರು. “ದಲಾಲ ಏನಂದ?”

“ಮೊದಲ ಬೈದ. ಆಮ್ಯಾಲೆ ಕಾಲಿಗಿ ಬಿದ್ದ. ನಾ ಜಗ್ಗಲಿಲ್ಲ. ಹಡಗ ಹೋತು.”

“ಗೊನಿ?”

“ಅಲ್ಲಿ ಬಿಸಿಲು ಭಾಳ್ರಿ. ನೋಡನೋಡ್ತ ಎಲ್ಲಾ ಹಣ್ಣಾದ್ವು. ಬಂದರದ ಹಮಾಲರಿಗೆ ಕರದು ಹಂಚಿದೆ. ಮನಸ್ಸು ತುಂಬಿ ತಿಂದ್ರು.”

ಅಂಗಳದಲ್ಲಿ ಎತ್ತಿನ ಕೊರಳ ಗಂಟೆ ಒಮ್ಮೆ ಅಲುಗಿ ಸುಮ್ಮನಾಯಿತು. ಮಾವನವರು ತಗ್ಗಿದ ದನಿಯಲ್ಲಿ ಕೇಳಿದರು, “ನಡುವ ಎಲ್ಲೂ ಮಾಲು ಬದಲಿ ಮಾಡ್ಲಿಲ್ಲಲ್ಲ?”

“ಇಲ್ಲರೀ. ನಮ್ಮ ಬಂಡಿಲಿಂದನ ಇಳೀತು.”

“ತಿಂದವರು ಏನಂದ್ರು?”

“ಇಂಥಾ ಹಣ್ಣು ಜನ್ಮದಾಗ ತಿಂದಿಲ್ಲ, ನಿಮ್ಮ ಊರಿಗೆ ದಾರಿ ಯಾವುದು ಅಂತ ಕೇಳಿದ್ರು.”

ಮಾವನವರು ಬೆನ್ನು ನೆಟ್ಟಗೆ ಮಾಡಿ ಕುಳಿತರು. ಆ ಬೇಸಿಗೆಯಲ್ಲಿ ಅವರು ಹಾಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. “ಹಿರಿಯಾರ ಬಂಡಿದಾರಿ ಹೇಳಿದಿಲ್ಲ? ಪುಣೆ, ಸೊಲ್ಲಾಪುರ...”

ಚಾಚಾ ಅವರನ್ನು ಮರುಕದಿಂದ ನೋಡಿದ. “ಅಷ್ಟು ದೂರ ಬಂಡ್ಯಾಗ ಯಾರು ಬರ್ತಾರ್ರಿ ಸಾವಕಾರ್ರ? ರೈಲಿಗಿ ಬರ್ರಿ ಅಂದೆ.”

ಒಂದು ಗಳಿಗೆ ಮಾವನವರ ಮುಖ ಕಲ್ಲಾಯಿತು. ಆಮೇಲೆ ಅವರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ರುಮಾಲಿನ ತುದಿಯಿಂದ ಒರೆಸಿಕೊಂಡರು. ಒರೆಸಿಕೊಳ್ಳುವುದು ಮುಗಿಯಲೇ ಇಲ್ಲ. ಮುಖ ಎತ್ತದೆಯೇ ಮಗನಿಗೆ ಹೇಳಿದರು, “ಎತ್ತು ಮಾರಪ್ಪಾ. ಲಾರಿಯವ್ನಿಗೆ ಹೇಳಿ ಈ ಮುದುಕಗೂ ಅದರಾಗ ಒಂದು ಕೆಲಸ ಕೊಡಸು.”

ಚಾಚಾ ಕೂಡ ಅಳುತ್ತಿದ್ದ. ಅಳುತ್ತಲೇ ನನ್ನ ಗಂಡನ ತೋಳು ಜಗ್ಗಿದ. “ಡ್ರೈವರನ ಬಾಜೂಕ ಕುಂದ್ರೂದು ಕೇಳ್ರಿ, ಸಣ್ಣ ಸಾವಕಾರ್ರ. ಹಿಂದ ಧೂಳ ಭಾಳ.”