ಮೀನಿನ ಕೆರೆಗೆ ದೀಪ ಹಚ್ಚಿದ ಗುತ್ತೇದಾರರಿಗೆ

ನೌಬಾದದಾಚೆಯ ಕೆರೆಯನ್ನು ಗುತ್ತಿಗೆ ಹಿಡಿದು, ಅದರಲ್ಲಿ ಮೀನು ಸಾಕಿ, ದಂಡೆಯಲ್ಲಿ ಕುಳಿತು ಗಾಳ ಹಾಕುವ ಷೋಕಿಯವರಿಗೆ ಚೀಟಿ ಮಾರಿ, ಸೂರ್ಯ ಮುಳುಗಿದ ಮೇಲೂ ಅವರಿಗೆ ಮನೆಯ ನೆನಪು ಬಾರದಂತೆ ಎತ್ತರದ ಕಂಬಗಳ ಮೇಲೆ ದೀಪ ಬೆಳಗಿಸಿದ ಮಾನ್ಯ ಚಾಂದ ಪಾಶಾ ಸಾಹೇಬರಿಗೆ, ಬೀದರದ ಮೈಲೂರ ನಿವಾಸಿ, ಗುಮಾಸ್ತ ವೈಜಿನಾಥರ ಧರ್ಮಪತ್ನಿ ಲಲಿತಾಬಾಯಿಯ ಸಲಾಮು, ಶರಣು ಮತ್ತು ನಮಸ್ಕಾರ. ಮೂರರಲ್ಲಿ ತಮಗೆ ಒಪ್ಪಿತವಾದದ್ದನ್ನು ಇಟ್ಟುಕೊಂಡು ಉಳಿದವನ್ನು ಆ ದೀಪ ಉರಿಸುವ ತಮ್ಮ ಡೀಸೆಲ್ ಇಂಜಿನ್ನಿಗೆ ತಲುಪಿಸಬೇಕಾಗಿ ವಿನಂತಿ.

ಮಾನ್ಯರೇ,

ತಮ್ಮ ದೀಪದಿಂದ ನಮ್ಮ ಮನೆಗಾದ ಉಪಕಾರ ಎಷ್ಟು ದೊಡ್ಡದೆಂದರೆ, ಅದನ್ನು ತಾಳಲಾರದೆ ಬರುವ ಸೋಮವಾರ ನಾವು ಊರು ಬಿಡುತ್ತಿದ್ದೇವೆ. ಇದು ಹೇಗಾಯಿತೆಂದು ತಮಗೂ ಊರವರಿಗೂ ತಿಳಿಸದೆ ಹೋಗುವುದು ಕೃತಘ್ನತೆಯಾದೀತೆಂದು ಈ ಬಹಿರಂಗ ಪತ್ರ.

ನಮ್ಮ ಜಿಲ್ಲೆಯನ್ನು ಹೈದರಾಬಾದಿನಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ ಮೇಲೆ ಕಚೇರಿಗಳಲ್ಲಿ ಉರ್ದು ಹೋಗಿ ಕನ್ನಡ ಬಂದದ್ದು ತಮಗೆ ಗೊತ್ತೇ ಇದೆ. ಗುಮಾಸ್ತರೆಲ್ಲ ಕನ್ನಡದ ಪರೀಕ್ಷೆ ಪಾಸು ಮಾಡಬೇಕು, ಇಲ್ಲದಿದ್ದರೆ ನೌಕರಿ ಕಾಯಂ ಆಗದು ಎಂದು ಹುಕುಂ ಬಂತು. ನನ್ನ ಯಜಮಾನರು ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ ಆಡಿದವರು, ಆದರೆ ಕಲಿತದ್ದೆಲ್ಲ ಉರ್ದು ಶಾಲೆಯಲ್ಲಿ. ಮೊದಲ ದಿನ ಪಾಟಿ ಕೈಗೆ ಕೊಟ್ಟಾಗ ನಮ್ಮ ಅಕ್ಷರಗಳನ್ನೂ ಬಲದಿಂದ ಎಡಕ್ಕೆ ಬರೆಯಲು ಹೊರಟರು. ಭಾಲ್ಕಿಯಲ್ಲಿ ನನ್ನ ತಂದೆ ನಿಜಾಮರ ಸರ್ಕಾರಕ್ಕೆ ಅಂಜಿ ಬಾಗಿಲು ಮುಚ್ಚಿಕೊಂಡು ನನಗೆ ಕಲಿಸಿದ್ದ ಕನ್ನಡವನ್ನು ನಾನು ಸಂಜೆ ಮನೆಯ ದೀಪ ಹಚ್ಚಿದ ಮೇಲೆ, ರೊಟ್ಟಿ ಬಡಿಯುತ್ತ, ಅವರಿಗೆ ಹೇಳಿಕೊಡುತ್ತಿದ್ದೆ. ಕಚೇರಿ ಬಿಟ್ಟೊಡನೆ ಅವರು ತಮ್ಮ ಕೆರೆಗೆ ಹೋಗುತ್ತಿದ್ದುದು ನಿಜ. ಕತ್ತಲಾದರೆ ಗಾಳದ ದಾರ ಕಾಣದಾಗಿ ಮನೆಗೆ ಬರುತ್ತಿದ್ದರು. ನಮ್ಮ ಸಂಸಾರವನ್ನು ನಡೆಸುತ್ತಿದ್ದದ್ದು ಕತ್ತಲೆ ಎಂದು ಆಗ ನನಗೆ ತಿಳಿದಿರಲಿಲ್ಲ.

ತಾವು ದೀಪ ಹಚ್ಚಿದಿರಿ. ಯಜಮಾನರು ಹೊತ್ತಿಗೆ ಸರಿಯಾಗಿ ಬರುವುದು ನಿಂತಿತು.

“ಮನಿಗಿ ಯಾವಾಗ ಬರ್ತೀರಿ?” ಎಂದು ಒಂದು ರಾತ್ರಿ ತಡವಾಗಿ ಬಂದವರನ್ನು ಬಾಗಿಲಲ್ಲೇ ಕೇಳಿದೆ.

“ಕತ್ತಲಾದ ಕೂಡ್ಲೆ ಬರ್ತೇನಿ.”

“ಕತ್ತಲಾಗಿ ಎಷ್ಟೋ ಹೊತ್ತಾಯ್ತಲ್ರಿ!”

“ಇಲ್ಲಿ ಆಗ್ಯಾದ. ಅಲ್ಲಿ ಇನ್ನೂ ಆಗಿಲ್ಲ,” ಎಂದರು.

ಲಿಂಗ ಕಟ್ಟಿಕೊಂಡವರು ಮೀನಿಗೆ ಗಾಳ ಹಾಕುವುದು ಸರಿಯೇ ಎಂದರೆ, “ಹಿಡದು ಬಿಡ್ತೇನಿ, ತಿನ್ನಂಗಿಲ್ಲಲ್ಲ,” ಎಂಬ ಉತ್ತರ. ಮೀನು ಸಿಕ್ಕಿದರೂ ಪ್ರಯೋಜನವಿಲ್ಲದ, ಸಿಗದಿದ್ದರೂ ನಷ್ಟವಿಲ್ಲದ ಇಂಥ ಕೆಲಸವನ್ನು ರಾತ್ರಿಯಲ್ಲೂ ಮಾಡುವ ಅನುಕೂಲ ಒದಗಿಸಿದ ತಮ್ಮ ಬುದ್ಧಿಗೆ ಶರಣು.

ಊರಿನಲ್ಲಿ ಎರಡು ಪಕ್ಷವಾದದ್ದು ತಮಗೆ ನೆನಪಿರಬಹುದು. ದೀಪ ಬೇಕು ಎಂದವರು ಗುಮಾಸ್ತರು. ಬೇಡ ಎಂದವರು ಒಬ್ಬರೇ, ಮುರ್ತುಜಾ ಸಾಹೇಬರು. ನಿಜಾಮರ ಕಾಲದಲ್ಲಿ ತಹಶೀಲಿನಲ್ಲಿದ್ದು ನಿವೃತ್ತರಾದ ಈ ಹಿರಿಯರು ತಮ್ಮ ಕೆರೆಯ ಅತ್ಯಂತ ಹಳೆಯ ಗಿರಾಕಿ. “ಮೀನಿಗೂ ನಿದ್ದಿ ಬೇಕೋ ಬ್ಯಾಡೋ? ದೀಪ ತೋರ್ಸಿ ಹಿಡಿಯೋದು ಶಿಕಾರಿ ಅಲ್ರಿ, ದಗಾ!” ಎಂದು ಚಹಾದ ಹೋಟೆಲಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದರು. “ಮುಂಜಾನಿಯಿಂದ ಮಲಗಲಿಕ್ಕ ಮೀನಿಗಿ ಯಾರು ಬ್ಯಾಡ ಅಂದಾರ್ರಿ?” ಎಂದು ನನ್ನ ಯಜಮಾನರು ಎದುರು ವಾದಿಸಿದರಂತೆ. ಮೀನಿನ ದಿನಚರಿಯ ಮೇಲೆ ಇಷ್ಟು ಕಾಳಜಿ ಇರುವ ಇಬ್ಬರು ಗಂಡಸರು ಒಂದೇ ಊರಿನಲ್ಲಿರುವುದು ನಮ್ಮ ಭಾಗ್ಯ.

ಕೊನೆಗೆ ಒಂದು ಸಂಜೆ ನಾನೇ ಪಾಟಿ, ಬಳಪ ಹಿಡಿದು ಕೆರೆಗೆ ಬಂದೆ. ತಾವು ಅಡ್ಡ ನಿಂತು, “ಬಾಯೀ, ಚೀಟಿ ತಗೋಬೇಕ್ರಿ,” ಎಂದಿರಿ. “ಗಾಳ ಹಿಡದವ್ರಿಗಿ ಚೀಟಿ. ಪಾಟಿ ಹಿಡದವ್ರಿಗಿ ಏನದ?” ಎಂದು ಕೇಳಿದೆ. ತಾವು ಬಹಳ ಹೊತ್ತು ತಲೆ ಕೆರೆದುಕೊಂಡು ಕಡೆಗೆ ಒಂದು ಸ್ಟೂಲು ತಂದು ಹಾಕಿದಿರಿ. ಆ ಉದಾರತೆಯೇ ಮುಂದಿನದಕ್ಕೆಲ್ಲ ಮೂಲ.

ನಾನು ಒತ್ತಕ್ಷರ ಹೇಳಿಕೊಡಲು ಕುಳಿತೆ. ನಾಚಿಕೆಯಿಂದ ಯಜಮಾನರ ಕಿವಿ ಕೆಂಪಾಯಿತು. ಎಲ್ಲರ ಮುಂದೆ ಹೆಂಡತಿಯಿಂದ ಪಾಠ ಹೇಳಿಸಿಕೊಳ್ಳುವುದು ಅವರಿಗೆ ಹಿಂಸೆಯಾಗುತ್ತಿತ್ತೆಂದು ನನಗೂ ಗೊತ್ತಿತ್ತು, ಆದರೆ ನೌಕರಿ ಹೋದರೆ ಆಗುವ ಹಿಂಸೆಯನ್ನು ನೆನೆದು ಗಟ್ಟಿಯಾಗಿ ಕುಳಿತೆ. ಎರಡನೆಯ ಸಂಜೆ ಪಕ್ಕದಲ್ಲಿದ್ದ ಗುಮಾಸ್ತರೊಬ್ಬರು ಗಾಳದ ಸಮೇತ ಹತ್ತಿರ ಸರಿದರು. ಅವರಿಗೂ ಅದೇ ಪರೀಕ್ಷೆ. ಆಮೇಲೆ ಸರಿಯದವರೇ ಉಳಿಯಲಿಲ್ಲ. ಯಜಮಾನರು ‘ಕ್ಷ’ ಬರೆಯುವುದರಲ್ಲಿ ಮೈಮರೆತಿದ್ದಾಗ ದೊಡ್ಡ ಮೀನೊಂದು ಅವರ ಗಾಳವನ್ನು ಕೋಲಿನ ಸಮೇತ ಎಳೆದುಕೊಂಡು ಹೋಯಿತು. ಅವರು ತಲೆಯೆತ್ತದೆ, “ಇದರ ಬಾಲ ಯಾವ ಕಡಿಗಿ ಬರ್ತದ?” ಎಂದು ಕೇಳಿದರು. ಕೇಳಿದ್ದು ಅಕ್ಷರದ ಬಾಲ. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿಯನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ಆಗ ಮುರ್ತುಜಾ ಸಾಹೇಬರೂ ಬಂದರು. “ಅಕ್ಕೋರ, ಈಗ ಉರ್ದು ಅರ್ಜಿ ಯಾರೂ ತಗೋವಲ್ರು. ನನಗೂ ಕಲಿಸ್ರಿ,” ಎಂದರು. ಈ ವಯಸ್ಸಿನಲ್ಲಿ ಇಂಥ ಆಸೆಯೇ ಎಂದು ನನಗೆ ಕಣ್ಣು ತುಂಬಿ ಬಂತು. ಎಲ್ಲರಿಗಿಂತ ಬೇಗ ಕಲಿತರು. ಕಲಿತೊಡನೆ ಮಾಡಿದ ಮೊದಲ ಕೆಲಸವೆಂದರೆ, ಕೆರೆಯ ದೀಪ ನಿಲ್ಲಿಸಬೇಕೆಂದು ಅಚ್ಚ ಕನ್ನಡದಲ್ಲಿ ಒಂದು ಅರ್ಜಿ ಬರೆದದ್ದು. ಒತ್ತಕ್ಷರಗಳೆಲ್ಲ ನಾನು ಕಲಿಸಿದಂತೆಯೇ ಇದ್ದವು.

ಅರ್ಜಿ ನನ್ನ ಯಜಮಾನರ ಮೇಜಿಗೇ ಬಂತು. ಓದಲು ಬರುತ್ತದೆಂಬ ಸಂಭ್ರಮದಲ್ಲಿ ಅವರು ಅದರಲ್ಲಿ ಏನಿದೆಯೆಂಬುದನ್ನೂ ಲೆಕ್ಕಿಸದೆ ಮೇಲಧಿಕಾರಿಗಳ ಮುಂದೆ ನಿಂತು ರಾಗವಾಗಿ ಓದಿದರು. ಮೈಸೂರ ಕಡೆಯಿಂದ ಹೊಸದಾಗಿ ಬಂದಿದ್ದ ಆ ಅಧಿಕಾರಿಗಳು, “ಈ ಊರಿಗೆ ಬಂದ ಮೇಲೆ ನೋಡಿದ ಮೊದಲನೇ ಕನ್ನಡದ ಅರ್ಜಿ ಕಣ್ರೀ! ಇದಕ್ಕೆ ಇಲ್ಲ ಅನ್ನೋದು ಹೇಗೆ?” ಎಂದು ಅಲ್ಲಿಯೇ ಸಹಿ ಹಾಕಿದರು. ಸಂಜೆ ತಮ್ಮ ಇಂಜಿನ್ ಸುಮ್ಮನಾಗಿತ್ತು. ಪರೀಕ್ಷೆ ಎದುರಿಗೇ ಇತ್ತು. ನನ್ನ ವಿದ್ಯಾರ್ಥಿಗಳೆಲ್ಲ ಕತ್ತಲಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿದ್ದರು. ಹಳೆಯ ಕಾಲದಲ್ಲಿ ಹುಕುಂ ಹೊರಟು ಜಾರಿಯಾಗುವಷ್ಟರಲ್ಲಿ ಅದನ್ನು ಬರೆದವರೇ ತೀರಿಕೊಂಡಿರುತ್ತಿದ್ದರು. ಅಷ್ಟು ತುರ್ತಾಗಿ ಪಾಲಿಸುವ ಕೆಟ್ಟ ಅಭ್ಯಾಸ ತಮಗೆ ಯಾರು ಕಲಿಸಿದರು?

ಹುಕುಮನ್ನು ಕೇಳಿ ಪಡೆದು ನಾನೇ ಓದಿದೆ. ‘ದೀಪದ ಬೆಳಕಿನಲ್ಲಿ ಮೀನು ಹಿಡಿಯತಕ್ಕದ್ದಲ್ಲ’ ಎಂದಷ್ಟೇ ಇತ್ತು.

“ಹಿಡಿಬ್ಯಾಡ ಅಂದಾರ. ಹಚ್ಚಬ್ಯಾಡ ಅಂದಿಲ್ಲ,” ಎಂದೆ.

“ಗಾಳ ಇಲ್ಲಂದ್ರ ಚೀಟಿ ಯಾರು ತಗೋತಾರ್ರಿ, ಅಕ್ಕೋರ? ಇಂಜಿನ್ನಿಗಿ ಎಣ್ಣಿ ಹ್ಯಾಂಗ ಹಾಕ್ಲಿ?” ಎಂದು ತಾವು ಕೈಚೆಲ್ಲಿದಿರಿ.

ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಮುಂದೆ ಬಂದು ಚೀಟಿ ಕೊಂಡವರು ಮುರ್ತುಜಾ ಸಾಹೇಬರು. “ಮೀನು ಮಲಗಲಿ, ನಾವು ಕೂಡೋಣ,” ಎಂದರು. ಹೀಗೆ ತಮ್ಮ ಮೀನಿನ ಕೆರೆಯಲ್ಲಿ, ಒಬ್ಬರ ಕೈಯಲ್ಲೂ ಗಾಳವಿಲ್ಲದೆ, ಚೀಟಿ ಕೊಂಡ ಗಂಡಸರು ಪರೀಕ್ಷೆಯ ಹಿಂದಿನ ಸಂಜೆಯವರೆಗೆ ಕಾಗುಣಿತ ಹೇಳಿದರು.

ಎಲ್ಲರೂ ಪಾಸಾದರು. ಎಲ್ಲರಿಗಿಂತ ಹೆಚ್ಚು ಅಂಕ ನನ್ನ ಯಜಮಾನರಿಗೆ ಬಂದವು. ಅದೇ ಅನಾಹುತ. ಔರಾದಿನ ಕಚೇರಿಯಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲವಂತೆ, ಆದ್ದರಿಂದ ಅತ್ಯುತ್ತಮವಾಗಿ ಬಲ್ಲವರನ್ನು ಅಲ್ಲಿಗೆ ವರ್ಗ ಮಾಡಲಾಗಿದೆ. ತಾವು ದೀಪ ಹಚ್ಚದೆ ಇದ್ದಿದ್ದರೆ ಅವರು ಮನೆಯಲ್ಲಿ ಸಾಧಾರಣವಾಗಿ ಕಲಿತು, ಸಾಧಾರಣವಾಗಿ ಪಾಸಾಗಿ, ನಾವು ಮೈಲೂರಿನಲ್ಲಿಯೇ ಸುಖವಾಗಿರುತ್ತಿದ್ದೆವು. ನಿನ್ನೆ ಮುರ್ತುಜಾ ಸಾಹೇಬರ ಮನೆಯವರು ಅನ್ವರಿ ಬೇಗಂ ಬಂದಿದ್ದರು. ಅವರೂ ಕೆಲವು ದಿನಗಳಿಂದ ನನ್ನ ಅಡಿಗೆಮನೆಯಲ್ಲಿ ಅಕ್ಷರ ತಿದ್ದುತ್ತಿದ್ದರು. “ನಂದು ಇನ್ನೂ ಅರ್ಧಾನೇ ಆಗ್ಯಾದ. ನೀವು ಹೊಂಟ್ರ ಹ್ಯಾಂಗ, ಅಕ್ಕೋರ?” ಎಂದು ಕೈ ಹಿಡಿದುಕೊಂಡರು. ನಾನು ಪಾಟಿ ತೆಗೆದು ಉಳಿದರ್ಧದ ಮೊದಲ ಅಕ್ಷರ ಬರೆದು ಅವರ ಮುಂದಿಟ್ಟೆ.

ಆದಕಾರಣ ಮಾನ್ಯರಲ್ಲಿ ನನ್ನ ಬೇಡಿಕೆ ಇಷ್ಟೇ: ತಮ್ಮ ಕಂಬಗಳನ್ನು ಔರಾದಿನಿಂದ ಕಾಣುವಷ್ಟು ಎತ್ತರಿಸಬೇಕು. ಅದಾಗದಿದ್ದರೆ ಔರಾದನ್ನೇ ನೌಬಾದದ ಹತ್ತಿರಕ್ಕೆ ಸರಿಸಿಕೊಡಬೇಕು. ಜಿಲ್ಲೆಗೆ ಜಿಲ್ಲೆಯನ್ನೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಿಸಿದ ಕಾಲವಿದು, ಒಂದು ತಾಲ್ಲೂಕು ಯಾವ ಲೆಕ್ಕ?

ತಮ್ಮ ಬೆಳಕಿನ ದೆಸೆಯಿಂದ ಊರು ಬಿಡುತ್ತಿರುವ,
ತಮ್ಮ ವಿಶ್ವಾಸಿ,
ಲಲಿತಾಬಾಯಿ

ತಾ.ಕ.: ಈ ಪತ್ರ ಓದಲು ತಮಗೆ ಕಷ್ಟವಾದರೆ ಮುರ್ತುಜಾ ಸಾಹೇಬರಿಂದ ಓದಿಸಿಕೊಳ್ಳಿರಿ. ನನ್ನ ತಪ್ಪುಗಳನ್ನು ಅವರು ತೋರಿಸಿಯಾರು, ಸಹಿಸಿಕೊಳ್ಳಿರಿ, ಈಚೆಗೆ ಹಾಗಾಗಿದ್ದಾರೆ. ಅವರಿಗೂ ತಿಳಿಯದ ಕಡೆಗಳಲ್ಲಿ ತಮ್ಮನ್ನು ಹೊಗಳಿದ್ದೇನೆಂದು ಭಾವಿಸತಕ್ಕದ್ದು.